ಜೀಪಿನ ಬಿಚ್ಚೋ ಬಾಗಿಲು ಲಟಲಟ ಅಂತಿದ್ಯಾ, ಜೋತುಬಿದ್ದಿದ್ಯಾ, ಓಡ್ತಾ ಓಡ್ತಾ ತೆರೆದುಕೊಳ್ತಾ? ಹಿಂಜ್ ಎಲ್ಲಿಂದ ಚೆಕ್ ಮಾಡ್ಬೇಕು

ಹಳೇ ಮಹೀಂದ್ರ ಸಿಜೆ, ಎಂಎಂ 540, ಮೇಜರ್ ಇಂಥ ಜೀಪು ಇಟ್ಕೊಂಡಿರೋರಿಗೆ ಹೊಸದಾಗಿ ಹೇಳ್ಬೇಕಿಲ್ಲ. ಗಾಡಿ ಬಂದಿದ್ದು ಕ್ಯಾನ್ವಾಸ್ ಬಾಗಿಲಲ್ಲಿ ಅಥವಾ ಬಾಗಿಲೇ ಇಲ್ದೆ, ಆಮೇಲೆ ಊರಿನ ಬಾಡಿ ಶಾಪಲ್ಲಿ ತಗಡಿನ ಬಾಗಿಲು ಮಾಡಿಸಿದ್ದು, ಮಳೆಗಾಲಕ್ಕೆ ಹಾಕೋದು ಬೇಸಿಗೆ ಬಂದ್ರೆ ಎತ್ತಿ ಶೆಡ್ಡಿಗೆ ಹಾಕೋದು. ಮಾಂದಲಪಟ್ಟಿ, ಕೊಡಚಾದ್ರಿ ಕಡೆ ಬಾಡಿಗೆ ಓಡೋ ಜೀಪುಗಳನ್ನ ಸ್ವಲ್ಪ ಗಮನ ಕೊಟ್ಟು ನೋಡಿ, ಹತ್ತು ಗಾಡೀಲಿ ಹತ್ತು ಥರದ ಹಿಂಜ್ ಇರತ್ತೆ, ಒಂದೊಂದೂ ಒಬ್ಬೊಬ್ಬ ವೆಲ್ಡರ್ ತಲೆಯಿಂದ ಬಂದಿದ್ದು.

ಈ ಥರದ ಹಿಂಜ್ ಅಂದ್ರೆ ಒಂದು ಅರ್ಧದಲ್ಲಿ ಪಿನ್, ಇನ್ನೊಂದರಲ್ಲಿ ಅದು ಕೂರೋ ಪೈಪ್, ಅವನ್ನ ಬಾಗಿಲಿಗೂ ಪಿಲ್ಲರಿಗೂ (ಬಾಗಿಲ ಪಕ್ಕದ ಬಾಡಿಯ ಕಂಬ) ಹಿಡಿಸೋ ಪಟ್ಟಿ. ಇದಕ್ಕೆ ಎರಡು ಕೆಲಸ. ನಾವು ಎತ್ತಿದ್ರೆ ಬರಬೇಕು, ನಾವು ಎತ್ತದೇ ಇದ್ದಾಗ ಏನೇ ಆದ್ರೂ ಬರಬಾರದು. ಮೊದಲನೇದನ್ನ ಎಲ್ಲರೂ ಮಾಡ್ತಾರೆ, ಎರಡನೇದಕ್ಕೆ ಬಾಗಿಲಿನ ಲಾಕ್ ಇದ್ಯಲ್ಲ ಅಂತ ಬಿಟ್ಟುಬಿಡ್ತಾರೆ. ಕೆಳಗೆ ಬರೋ ತೊಂದರೆಗಳಲ್ಲಿ ನಿಜಕ್ಕೂ ಅಪಾಯ ಅನ್ನೋವು ಬಹುಪಾಲು ಇಲ್ಲಿಂದಲೇ ಶುರುವಾಗೋದು.

ಕೈ ಹಾಕೋ ಮುಂಚೆ

ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಬಾಗಿಲು ಎತ್ತೋವಾಗ ಇಬ್ಬರು ಇರಿ, ಗಾಜು ಇರೋ ಫುಲ್ ಡೋರ್ ಒಬ್ಬರೇ ಎತ್ತೋಕೆ ಹೋದ್ರೆ ಮೇಲಿನ ಪಿನ್ ಬಿಟ್ಟು ಕೆಳಗಿನ ಪಿನ್ನಲ್ಲೇ ಬಾಗಿಲು ತಿರುಚಿಕೊಂಡು ಬೆರಳು ಮಧ್ಯೆ ಸಿಕ್ಕಿಕೊಳ್ಳತ್ತೆ. ಉಂಗುರ ಬಿಚ್ಚಿಡಿ. ಕರೆಂಟ್ ಗ್ಲಾಸ್ ಅಥವಾ ಸ್ಪೀಕರ್ ಇದ್ರೆ ವೈರಿನ ಸಾಕೆಟ್ ಮೊದಲು ಬಿಡಿಸಿ, ಆಮೇಲೆ ಬಾಗಿಲು.

ಲಕ್ಷಣ 1: ಕೆಟ್ಟ ರಸ್ತೇಲಿ ಲಟಲಟ ಸದ್ದು

ಸದ್ದು ಬಂದ ಕೂಡ್ಲೇ ಹಿಂಜ್ ಹೋಯ್ತು ಅಂತ ಲೇತಿಗೆ ಓಡಬೇಡಿ, ಅರ್ಧಕ್ಕರ್ಧ ಸಲ ಅದು ಲಾಕಿನ ಸದ್ದು. ಖರ್ಚಿಲ್ಲದ ಚೆಕ್ ಅಂದ್ರೆ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಮಡಿಸಿ ಲಾಕ್ ಪಕ್ಕದಲ್ಲಿ ಬಾಗಿಲಿಗೂ ಪಿಲ್ಲರಿಗೂ ನಡುವೆ ಸಿಕ್ಕಿಸಿ, ಬಾಗಿಲು ಬಿಗಿಯಾಗಿ ಹಾಕ್ಕೊಂಡು ಅದೇ ರಸ್ತೇಲಿ ಒಂದು ಸುತ್ತು ಹೋಗ್ಬನ್ನಿ. ಸದ್ದು ನಿಂತ್ರೆ ಸ್ಟ್ರೈಕರ್ ಪ್ಲೇಟ್ (ಪಿಲ್ಲರಲ್ಲಿ ಲಾಕ್ ಬಂದು ಕಚ್ಚೋ ಭಾಗ) ಸ್ವಲ್ಪ ಒಳಕ್ಕೆ ತಳ್ಳಬೇಕು ಅಥವಾ ರಬ್ಬರ್ ಬೀಡಿಂಗ್ ಸತ್ತಿದೆ. ಅಷ್ಟೇ.

ನಿಲ್ಲದೇ ಇದ್ರೆ ಹಿಂಜ್ ಕಡೆ ಬನ್ನಿ. ಬಾಗಿಲು ಅರ್ಧ ತೆಗೆದು ಒಬ್ಬರು ಲಾಕ್ ಇರೋ ತುದಿ ಹಿಡ್ಕೊಂಡು ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸ್ಲಿ, ಇನ್ನೊಬ್ಬರು ಹಿಂಜಿನ ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣ್ದೇ ಇರೋ ಅರ್ಧ ಮಿ.ಮೀ. ಅಲುಗಾಟ ಬೆರಳಿಗೆ ಗೊತ್ತಾಗತ್ತೆ. ಬೆರಳನ್ನ ಮೂರು ಕಡೆ ಇಡಬೇಕು, ಮೂರಕ್ಕೂ ಅರ್ಥ ಬೇರೆ ಬೇರೆ:

- ಪಿನ್ನಿಗೂ ಪೈಪಿಗೂ ನಡುವೆ ಅಲುಗಾಡಿದ್ರೆ ಬುಷ್ (ಪಿನ್ನಿನ ಸುತ್ತ ಪೈಪಿನೊಳಗೆ ಕೂರೋ ತೆಳು ಕೊಳವೆ) ಸವೆದಿದೆ. ಸುಲಭದ ಕೆಲಸ, ಅಗ್ಗ.
- ಹಿಂಜಿನ ಪಟ್ಟಿಗೂ ಪಿಲ್ಲರಿಗೂ ನಡುವೆ ಅಲುಗಾಡಿದ್ರೆ ಬೋಲ್ಟ್ ಲೂಸ್ ಅಥವಾ ವೆಲ್ಡ್ ಬಿಡ್ತಾ ಇದೆ.
- ಪಟ್ಟಿ ಗಟ್ಟಿಯಾಗೇ ಇದ್ದು ಪಿಲ್ಲರಿನ ತಗಡೇ ಉಸಿರಾಡೋ ಥರ ಒಳಗೆ ಹೊರಗೆ ಆಗ್ತಿದ್ರೆ ಲಕ್ಷಣ 6ಕ್ಕೆ ಹೋಗಿ, ಮಿಕ್ಕಿದ್ದು ಆಮೇಲೆ.

ಬುಷ್ ಅಂದೆ, ಆದ್ರೆ ಸುಮಾರು ಹಿಂಜಲ್ಲಿ ಬುಷ್ಷೇ ಇರಲ್ಲ, ಪೈಪಿನೊಳಗೆ ನೇರ ಪಿನ್. ಕಬ್ಬಿಣ ಕಬ್ಬಿಣ ತಿಕ್ಕಿ ರಂಧ್ರ ಮೊಟ್ಟೆ ಆಕಾರ ಆಗಿರತ್ತೆ. ಅದಕ್ಕೆ ದಪ್ಪ ಪಿನ್ ಹಾಕ್ಸಿದ್ರೆ ಒಂದು ಮಳೆಗಾಲ ಸುಮ್ನಿರತ್ತೆ, ಮತ್ತೆ ಅದೇ ಕತೆ. ಪೈಪನ್ನ ಲೇತಲ್ಲಿ ಬೋರ್ ಮಾಡಿಸಿ ಹಿತ್ತಾಳೆ ಅಥವಾ ನೈಲಾನ್ ಬುಷ್ ಕೂರಿಸಿ, ಮುಂದಿನ ಸಲ ಬುಷ್ ಮಾತ್ರ ಬದಲಾಯಿಸಿದ್ರೆ ಮುಗೀತು.

ಲಕ್ಷಣ 2: ಲಾಕ್ ಕಡೆ ಇಳಿದಿದೆ, ಎತ್ತಿ ಹಾಕಿದ್ರೆ ಮಾತ್ರ ಲಾಕ್ ಬೀಳತ್ತೆ

ಬಾಗಿಲಿನ ಮುಂದಿನ ಅಂಚಲ್ಲಿ, ಹಿಂಜ್ ಕಡೆ, ಸಂದು ನೋಡಿ. ಮೇಲ್ಗಡೆ ಅಗಲ ಕೆಳಗಡೆ ಕಿರಿದು ಅಂತಿದ್ರೆ ಬಾಗಿಲು ಜೋತುಬಿದ್ದಿದೆ ಅಂತ. ಬಾಗಿಲಿನ ಭಾರಕ್ಕೆ ಮೇಲಿನ ಹಿಂಜ್ ಯಾವಾಗ್ಲೂ ಹಿಂದಕ್ಕೆ ಎಳೆಸಿಕೊಳ್ಳತ್ತೆ, ಕೆಳಗಿಂದು ಪಿಲ್ಲರ್ ಕಡೆಗೆ ಒತ್ತಿಸಿಕೊಳ್ಳತ್ತೆ, ಅದಕ್ಕೇ ಮೊದಲು ಸೋಲೋದು ಮೇಲಿಂದು.

ಇಲ್ಲಿ ಒಂದು ಲೆಕ್ಕ ಇದೆ, ಕಷ್ಟದ್ದೇನಲ್ಲ, ಹೊಸ ಹಿಂಜ್ ಮಾಡಿಸೋವಾಗ್ಲೂ ಇದೇ ಬೇಕಾಗೋದು. ಬಾಗಿಲು 20 ಕೆಜಿ, ಅದರ ಭಾರದ ಮಧ್ಯ ಹಿಂಜಿನಿಂದ 45 ಸೆ.ಮೀ. ದೂರ, ಎರಡು ಹಿಂಜಿನ ನಡುವೆ 30 ಸೆ.ಮೀ. ಅಂತಿಟ್ಕೊಳ್ಳಿ. 20ನ್ನ 45ರಿಂದ ಗುಣಿಸಿ 30ರಿಂದ ಭಾಗಿಸಿದ್ರೆ 30 ಕೆಜಿ, ಅಷ್ಟು ಎಳೆತ ಒಂದೊಂದು ಹಿಂಜಿಗೆ ಸುಮ್ನೆ ನಿಂತಿದ್ದಾಗ್ಲೇ ಬೀಳತ್ತೆ. ಅದೇ ಹಿಂಜನ್ನ 50 ಸೆ.ಮೀ. ದೂರ ಇಟ್ರೆ 18 ಕೆಜಿಗೆ ಇಳೀತು. ಈಗ 60 ಕೆಜಿಯ ಒಬ್ಬರು ತೆಗೆದಿರೋ ಬಾಗಿಲಿನ ತುದಿ ಹಿಡ್ಕೊಂಡು ಅದರ ಮೇಲೆ ಪೂರ್ತಿ ಭಾರ ಹಾಕಿ ಇಳಿದ್ರು ಅನ್ನಿ, 90 ಸೆ.ಮೀ. ದೂರದಲ್ಲಿ, ಅದೇ 30 ಸೆ.ಮೀ. ಹಿಂಜಿಗೆ 180 ಕೆಜಿ, ಬಾಗಿಲಿನದ್ದು ಬೇರೆ. ಬಾಗಿಲು ಹಿಡ್ಕೊಂಡು ಇಳೀಬೇಡಿ ಅಂತ ಹಳೇ ಡ್ರೈವರುಗಳು ಬಯ್ಯೋದು ಸುಮ್ನೆ ಅಲ್ಲ ಮಾರಾಯ್ರೇ.

ಅದೇ ಲೆಕ್ಕದಲ್ಲಿ ಹಿಂಜಲ್ಲಿ 1 ಮಿ.ಮೀ. ಸವೆತ ಅಂದ್ರೆ ಲಾಕ್ ತುದೀಲಿ 3 ಮಿ.ಮೀ. ಇಳಿಯತ್ತೆ, 90ನ್ನ 30ರಿಂದ ಭಾಗಿಸಿ ನೋಡಿ. ಅದಕ್ಕೇ ಹಿಂಜ್ ನೋಡಿದ್ರೆ ಚೆನ್ನಾಗಿದೆ ಅನ್ಸತ್ತೆ, ಲಾಕ್ ಮಾತ್ರ ಕೂರಲ್ಲ.

ಚೆಕ್ ಮಾಡೋ ಕ್ರಮ: ಮೊದಲು ಬೋಲ್ಟುಗಳನ್ನ ಸ್ಪ್ಯಾನರಲ್ಲಿ ನೋಡಿ, ಲೂಸ್ ಇದ್ರೆ ಬಾಗಿಲಿನ ಕೆಳಗೆ ಮರದ ತುಂಡು ಕೊಟ್ಟು ಮಟ್ಟಕ್ಕೆ ಎತ್ತಿ ಆಮೇಲೆ ಬಿಗಿ ಮಾಡಿ, ಜೋತುಬಿದ್ದ ಹಾಗೇ ಬಿಗಿ ಮಾಡಿದ್ರೆ ಏನೂ ಪ್ರಯೋಜನ ಇಲ್ಲ. ಎರಡನೇದು ಕಾಗದದ ಚೆಕ್. ಬಾಗಿಲು ಸ್ವಲ್ಪ ಎತ್ತಿ ಒಂದೊಂದು ಹಿಂಜಿನ ಎರಡು ಅರ್ಧ ಕೂರೋ ಜಾಗದಲ್ಲಿ ಒಂದೊಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಇಳಿಸಿ, ಈಗ ಕಾಗದ ಎಳೀರಿ. ಎರಡೂ ಬಿಗಿಯಾಗಿದ್ರೆ ಭಾರ ಎರಡಕ್ಕೂ ಹಂಚಿದೆ. ಒಂದು ಸರ್ ಅಂತ ಬಂದ್ರೆ ಇಡೀ ಬಾಗಿಲಿನ ತೂಕ ಇನ್ನೊಂದೇ ಹೊತ್ಕೊಂಡಿದೆ. ಕಾಗದ ಬಂದ ಕಡೆ ತೆಳು ವಾಷರ್ ಹಾಕ್ತಾ ಬನ್ನಿ ಎರಡೂ ಕಚ್ಚೋ ತನಕ. ನೂರು ರೂಪಾಯಿ ಒಳಗೆ ಸರಿಹೋಗೋ ಕೆಲಸ ಇದು, ಆದ್ರೂ ಯಾರೂ ನೋಡಲ್ಲ.

ಆಮೇಲೂ ಇಳಿದೇ ಇದ್ರೆ ಬುಷ್, ಇಲ್ಲಾ ಹಿಂಜಿನ ಪಟ್ಟಿ ಬಗ್ಗಿದೆ. ಬಗ್ಗಿದ ಪಟ್ಟೀನ ಗಾಡಿ ಮೇಲೆ ಇದ್ದ ಹಾಗೇ ಪೈಪ್ ಹಾಕಿ ಎಬ್ಬಿಸೋ ಟಿಂಕರುಗಳಿದ್ದಾರೆ, ಬೇಡ ಅನ್ನಿ, ಎಬ್ಬಿಸೋ ಬಲ ಎಲ್ಲ ತಗಡಿನ ಮೇಲೆ ಬೀಳತ್ತೆ. ಬಿಚ್ಚಿ ವೈಸಿಗೆ ಹಾಕಿ ಸರಿ ಮಾಡ್ಲಿ.

ಲಕ್ಷಣ 3: ಓಡೋವಾಗ ತಾನಾಗೇ ತೆರೆದುಕೊಳ್ಳತ್ತೆ

ಇದಾದ್ರೆ ಮೊದಲು ಗಾಡಿ ನಿಲ್ಲಿಸಿ. ಆ ಕಡೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ. ಹಗ್ಗ ಕಟ್ಕೊಂಡು ಮನೆ ತನಕ ಹೋಗೋದು ಅಂತಾದ್ರೆ ನಿಧಾನ ಹೋಗಿ, ಅದಕ್ಕಿಂತ ಬಾಗಿಲು ಬಿಚ್ಚಿ ಹಿಂದೆ ಹಾಕ್ಕೊಂಡು ಸೀಟ್ ಬೆಲ್ಟ್ ಹಾಕಿ ಹೋಗೋದು ವಾಸಿ. ಅರ್ಧ ನಂಬೋ ಬಾಗಿಲಿಗಿಂತ ಇಲ್ಲದ ಬಾಗಿಲು ಒಳ್ಳೇದು, ಯಾಕಂದ್ರೆ ಇಲ್ಲದ ಬಾಗಿಲಿಗೆ ಯಾರೂ ಒರಗಲ್ಲ.

ಲಾಕಿನ ನಾಲಿಗೆಗೆ ಗ್ರೀಸ್ ಸವರಿ ಬಾಗಿಲು ಹಾಕಿ ತೆಗೀರಿ, ಸ್ಟ್ರೈಕರ್ ಮೇಲೆ ಗ್ರೀಸ್ ಎಷ್ಟು ಉದ್ದ ಅಂಟಿದ್ಯೋ ಅಷ್ಟೇ ನಿಮ್ಮ ಹಿಡಿತ. 8 ಮಿ.ಮೀ.ಗಿಂತ ಕಮ್ಮಿ ಇದ್ರೆ ನನಗೆ ನಂಬಿಕೆ ಬರಲ್ಲ. ಆಮೇಲೆ ಒಂದು ಮುಂದಿನ ಚಕ್ರವನ್ನ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ ಇದೇ ಚೆಕ್ ಮತ್ತೆ ಮಾಡಿ. ಚಾಸಿ ತಿರುಚಿದಾಗ ಅದರ ಮೇಲಿನ ಬಾಡಿನೂ ಸ್ವಲ್ಪ ತಿರುಚತ್ತೆ, ಬಾಗಿಲಿನ ಚೌಕ ಓರೆ ಆಗತ್ತೆ. ಸಮತಟ್ಟಲ್ಲಿ ಚೆನ್ನಾಗಿ ಕೂತಿದ್ದ ಲಾಕ್ ಇಲ್ಲಿ ತುದಿಗೆ ಬಂದು ನಿಂತಿದ್ರೆ ಘಾಟಿ ರಸ್ತೆಯ ಹೊಂಡದಲ್ಲಿ ಬಿಡೋದು ಖಂಡಿತ.

ಲಾಕ್ ಎರಡು ಹಂತದ್ದಾ ನೋಡಿ, ಹಾಕೋವಾಗ ಟಿಕ್ ಟಿಕ್ ಎರಡು ಸಲ ಕೇಳ್ಬೇಕು. ಕಾರುಗಳ ಬಾಗಿಲಿಗೆ ಇರೋ ಯುಎನ್ ರೆಗ್ಯುಲೇಷನ್ 11ರಲ್ಲಿ ಪೂರ್ತಿ ಬಿದ್ದ ಲಾಕ್ ಉದ್ದುದ್ದಕ್ಕೆ 11,000 ನ್ಯೂಟನ್, ಅಡ್ಡಕ್ಕೆ 9,000 ನ್ಯೂಟನ್ ತಡೀಬೇಕು, ಅರ್ಧ ಬಿದ್ದಾಗ್ಲೂ 4,500 ತಡೀಬೇಕು ಅಂತಿದೆ. ಊರಲ್ಲಿ ಮಾಡಿಸಿದ ಬಾಗಿಲಿಗೆ ಎಷ್ಟೋ ಕಡೆ ಮನೆ ಬಾಗಿಲಿನ ಚಿಲಕದ ಥರದ್ದೇ ಒಂದು ಹಾಕಿರ್ತಾರೆ. ಅಂಥದ್ದಿದ್ರೆ ರಿಪೇರಿ ಮಾತು ಬಿಟ್ಟು ಹಳೇ ಕಾರಿನ ಲಾಕ್ ಸ್ಟ್ರೈಕರ್ ಸಮೇತ ಜೋಡಿ ತಂದು ಹಾಕ್ಸಿ, ಬೆಂಗಳೂರಿನೋರಾದ್ರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿದ್ರೆ ಸಿಗತ್ತೆ.

ಇನ್ನೊಂದು ಮಾತು, ಹಿಂಜ್ ಮುಂದಿನ ಪಿಲ್ಲರಲ್ಲೇ ಇರಬೇಕು. ಹಿಂದೆ ಹಿಂಜ್ ಮುಂದೆ ಲಾಕ್ ಇಟ್ಟು ಮಾಡಿಸಿದ್ದು ನೋಡೋಕೆ ಸ್ಟೈಲಾಗಿ ಕಾಣ್ಬಹುದು, ಲಾಕ್ ಬಿಟ್ಟ ಕ್ಷಣ ಎದುರುಗಾಳಿ ಬಾಗಿಲನ್ನ ಪೂರ್ತಿ ಕಿತ್ತು ತೆರೀತದೆ.

ಲಕ್ಷಣ 4: ಬಾಗಿಲು ಮೇಲಕ್ಕೆ ಹಾರತ್ತೆ, ಪಿನ್ ಅರ್ಧ ಹೊರಗೆ ಕಾಣತ್ತೆ

ಎಲ್ಲಕ್ಕಿಂತ ಮುಖ್ಯ ಇದು, ಇದಕ್ಕೆ ಸದ್ದೂ ಇರಲ್ಲ. ಬಾಗಿಲು ಹಾಕಿ, ಲಾಕ್ ಬಿದ್ದ ಮೇಲೆ, ಕೆಳಗಿನ ಅಂಚು ಹಿಡಿದು ಎರಡು ಕೈಯಲ್ಲಿ ಮೇಲಕ್ಕೆ ಎತ್ತಿ. ಎಷ್ಟು ಮೇಲೆ ಬರತ್ತೆ? ಒಂದೆರಡು ಮಿ.ಮೀ. ಸರಿ. ಅದಕ್ಕಿಂತ ಜಾಸ್ತಿ ಬಂದ್ರೆ ಹಿಂಜಿಗೆ ತಡೆ ಇಲ್ಲ ಅಂತ ಅರ್ಥ. ಲಾಕ್ ಬಾಗಿಲು ಹೊರಕ್ಕೆ ಹೋಗದ ಹಾಗೆ ಹಿಡ್ಕೊಳ್ಳತ್ತೆ ನಿಜ, ಮೇಲಕ್ಕೆ ಹೋಗದ ಹಾಗೆ ಹಿಡಿಯೋದು ಅದರ ಕೆಲಸ ಅಲ್ಲ, ಎಷ್ಟೋ ಸ್ಟ್ರೈಕರಿನ ತೂತು ಮೇಲಿಂದ ಕೆಳಕ್ಕೆ ಉದ್ದಕ್ಕೆ ಇರತ್ತೆ. ಹೊಂಡಕ್ಕೆ ಬಿದ್ದು ಎದ್ದಾಗ ಗಾಡಿ ಕೆಳಗೆ ಹೋಗತ್ತೆ, ಬಾಗಿಲು ಇದ್ದಲ್ಲೇ ಇರತ್ತೆ, ಪಿನ್ ಸ್ವಲ್ಪ ಸ್ವಲ್ಪ ಮೇಲೆ ಬರತ್ತೆ.

ತಡೆ ಅಂದ್ರೆ ಏನು? ಪಿನ್ ಪೈಪಿನ ಆಚೆ ಹೊರಗೆ ಬರೋ ಅಷ್ಟು ಉದ್ದ ಇರಬೇಕು, ಆ ತುದೀಲಿ ಎರಡರಲ್ಲಿ ಒಂದು:

- ತೂತು ಕೊರೆದು ವಾಷರ್ ಹಾಕಿ ಸ್ಪ್ಲಿಟ್ ಪಿನ್ (ತೂರಿಸಿ ಎರಡು ಕಾಲು ಬಗ್ಗಿಸೋ ತಂತಿ ಪಿನ್). ಪದೇಪದೇ ಬಿಚ್ಚೋರು ಸ್ಪ್ರಿಂಗ್ ಕ್ಲಿಪ್ ಹಾಕ್ತಾರೆ, ಕಾಫಿ ಗಿಡದ ಮಧ್ಯೆ ಓಡಿಸೋವಾಗ ರೆಂಬೆ ತಾಗಿ ಕ್ಲಿಪ್ ಹಾರತ್ತೆ, ಅದಕ್ಕೆ ತಂತಿ ಕಟ್ಟಿ ಹಿಂಜಿಗೇ ಬಿಗಿದಿರಿ.
- ಮರೆ (ಥ್ರೆಡ್) ಮಾಡಿಸಿ ನೈಲಾಕ್ ನಟ್, ಅಂದ್ರೆ ತಾನಾಗೇ ಬಿಚ್ಕೊಳ್ಳದ ಹಾಗೆ ಒಳಗೆ ನೈಲಾನ್ ಬಳೆ ಇರೋದು. ಸಾದಾ ನಟ್ ಬೇಡ, ಬಾಗಿಲು ತೆಗೆದು ಹಾಕಿ ಮಾಡ್ತಾ ವಾಷರ್ ಜೊತೆ ಅದೂ ತಿರುಗಿ ತಿರುಗಿ ಬಿಚ್ಕೊಳ್ಳತ್ತೆ. ನೈಲಾಕನ್ನೂ ಕೊನೇ ತನಕ ಬಿಗೀಬೇಡಿ, ಕಾಗದ ಹೋಗೋ ಅಷ್ಟು ಸಂದು ಇರಲಿ, ಅದು ಹಿಡಿಯೋಕೆ ಅಲ್ಲ, ಬರದ ಹಾಗೆ ತಡಿಯೋಕೆ.

ಎರಡು ಹಿಂಜಲ್ಲಿ ಒಂದಕ್ಕಾದ್ರೂ ಈ ತಡೆ ಇರಲೇಬೇಕು, ನನ್ನ ಕೇಳಿದ್ರೆ ಎರಡಕ್ಕೂ. ಬಾಗಿಲು ಯಾವತ್ತೂ ಬಿಚ್ಚಲ್ಲ ಅನ್ನೋರು ಒಂದು ಪಿನ್ ಮೇಲ್ಮುಖ, ಒಂದು ಪಿನ್ ಕೆಳಮುಖ ಇಟ್ಟು ವೆಲ್ಡ್ ಮಾಡಿಸ್ತಾರೆ, ಬಾಗಿಲು ಮೇಲೂ ಬರಲ್ಲ ಕೆಳಗೂ ಹೋಗಲ್ಲ. ಒಳ್ಳೇ ಉಪಾಯ, ಆದ್ರೆ ಬಿಚ್ಚೋ ಬಾಗಿಲು ಅನ್ನೋ ಹೆಸರು ಮಾತ್ರ ಉಳಿಯತ್ತೆ.

ಲಕ್ಷಣ 5: ಎತ್ತಿದ್ರೂ ಬರ್ತಿಲ್ಲ, ಅಥವಾ ಪೇಂಟ್ ಆದ್ಮೇಲೆ ಕೂರ್ತಿಲ್ಲ

ಮಳೆಗಾಲ ಪೂರ್ತಿ ಬಿಚ್ಚದೇ ಇದ್ದ ಬಾಗಿಲು ತುಕ್ಕು ಹಿಡಿದು ಕಚ್ಕೊಂಡಿರತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಬಾಗಿಲನ್ನ ಮೆಲ್ಲಗೆ ತೆಗೆದು ಹಾಕಿ ತೆಗೆದು ಹಾಕಿ ಮಾಡಿ, ತಿರುಗಿದ್ರೆ ಬರತ್ತೆ. ಕೆಳಗಿಂದ ಜ್ಯಾಕ್ ಕೊಟ್ಟು ಎತ್ತೋದು, ಸುತ್ತಿಗೇಲಿ ಬಡಿಯೋದು ಬೇಡ, ಪಿನ್ನಿಗೆ ಏನೂ ಆಗಲ್ಲ, ಪಟ್ಟಿ ಬಗ್ಗತ್ತೆ. ಸ್ಪ್ರೇ ಹೊಡೆದ ಜಾಗಕ್ಕೆ ಗ್ಯಾಸ್ ಬೆಂಕಿ ಹಿಡಿಯೋರೂ ಇದ್ದಾರೆ, ಅಲ್ಲೇ ಪಕ್ಕ ಪೆಟ್ರೋಲ್ ಟ್ಯಾಂಕ್ ಇರೋದು ನೆನಪಿರಲಿ, ಹಳೇ ಸಿಜೆಗಳಲ್ಲಿ ಡ್ರೈವರ್ ಸೀಟಿನ ಕೆಳಗೇ ಟ್ಯಾಂಕು.

ಪೇಂಟ್ ಆದ್ಮೇಲೆ ಕೂರದೇ ಇದ್ರೆ ಪೈಪಿನೊಳಗೆ ಪೇಂಟ್ ಕೂತಿದೆ ಅಷ್ಟೇ, ಎಮರಿ ಕಾಗದ ಸುತ್ತಿದ ಕಡ್ಡೀಲಿ ಕೆರೆದು ಗ್ರೀಸ್ ಹಚ್ಚಿ. ಪೇಂಟೇ ಮಾಡಿಸದೇ ಕೂರ್ತಿಲ್ಲ, ಮೊದಲನೇ ಪಿನ್ ಹೋದ್ರೆ ಎರಡನೇದು ಓರೆ ಬರತ್ತೆ ಅಂತಾದ್ರೆ ಎರಡು ಪಿನ್ ಒಂದೇ ಗೆರೇಲಿ ಇಲ್ಲ. ಒತ್ತಿ ಕೂರಿಸಬಹುದು, ಕೂತ್ರೂ ಬಾಗಿಲು ಅರ್ಧ ದಾರಿಯಲ್ಲಿ ಬಿಗಿಯಾಗತ್ತೆ, ತೆಗೆದಾಗೆಲ್ಲ ವೆಲ್ಡನ್ನ ಮೀಟ್ತಾ ಇರತ್ತೆ. ಒಂದು ಹಿಂಜ್ ಬಿಚ್ಚಿ ಮತ್ತೆ ಕೂರಿಸಲೇಬೇಕು.

ಲಕ್ಷಣ 6: ಹಿಂಜಿನ ಸುತ್ತ ಪೇಂಟ್ ಬಿರುಕು, ತುಕ್ಕಿನ ಗೆರೆ

ಕೂದಲೆಳೆ ಥರ ಕಂದು ಗೆರೆ ವೆಲ್ಡಿನ ಅಂಚಲ್ಲೇ ಓಡಿದ್ರೆ ಅದು ಪೇಂಟಿನ ಬಿರುಕಲ್ಲ ಅಂತಲೇ ಮೊದಲು ಅನುಮಾನಿಸಿ. 10 ಮಿ.ಮೀ. ಪಿನ್ ಕತ್ತರಿಸಿ ಹೋಗ್ಬೇಕಾದ್ರೆ ಮೈಲ್ಡ್ ಸ್ಟೀಲಿನದ್ದಾದ್ರೂ ಸಾವಿರ ಕೆಜಿಗಿಂತ ಜಾಸ್ತಿ ಬಲ ಬೇಕು, ಅಷ್ಟರೊಳಗೆ ಅದರ ಹಿಂದಿನ ತೆಳು ತಗಡು ಹರಿದು ಕೈಗೆ ಬಂದಿರತ್ತೆ. ಜನ ಮಾತ್ರ ಪಿನ್ ದಪ್ಪ ಮಾಡಿಸ್ತಾ ಕೂತಿರ್ತಾರೆ.

ನೋಡೋ ವಿಧಾನ ಹಳೇದು, ಖರ್ಚಿಲ್ಲ. ಆ ಜಾಗದ ಪೇಂಟ್ ಕೆರೆದು ತೊಳೆದು ಒಣಗಿಸಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ, ಬಟ್ಟೇಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ರೆ ಒಳಗಿಳಿದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಎಳೆಯತ್ತೆ.

ಗೆರೆ ಕಂಡ್ರೆ ಮನೆ ರಿಪೇರಿ ಇಲ್ಲಿಗೆ ಸಾಕು. ಬಾಗಿಲು ಬಿಚ್ಚಿಡಿ, ಒಳ್ಳೇ ಬಾಡಿ ಶಾಪಿಗೆ ತೋರ್ಸಿ. ಬಿರುಕಿನ ಮೇಲೇ ಇನ್ನೊಂದು ಸಲ ವೆಲ್ಡ್ ಎಳೆದು ಕಳಿಸಿದ್ರೆ ಒಪ್ಪಬೇಡಿ, ಅದರ ಪಕ್ಕದಲ್ಲೇ ಹೊಸ ಬಿರುಕು ಬರತ್ತೆ. ತಗಡಿನ ಒಳಗಡೆಯಿಂದ 3 ಮಿ.ಮೀ. ಪ್ಲೇಟ್ ಕೊಟ್ಟು, ಅದು ಹಿಂಜಿನ ಪಟ್ಟಿಗಿಂತ ಅಗಲ ಇದ್ದು, ಬೋಲ್ಟ್ ಅದರಲ್ಲಿ ತೂರಿ ಬರಬೇಕು. ವೆಲ್ಡ್ ಮಾಡೋ ಮುಂಚೆ ಬ್ಯಾಟರಿ ಕನೆಕ್ಷನ್ ಬಿಡಿಸಿ, ಸೀಮೆಎಣ್ಣೆ ಪೂರ್ತಿ ತೊಳೆದಿರಬೇಕು, ಟ್ಯಾಂಕ್ ಹತ್ರ ಇದ್ರೆ ಇಳಿಸಿಯೇ ಮಾಡ್ಬೇಕು. ಇಳಿಸಲ್ಲ ಅಂದ ಶಾಪಿಂದ ಗಾಡಿ ವಾಪಸ್ ತನ್ನಿ.

ಲಕ್ಷಣ 7: ಬಾಗಿಲು ಪೂರ್ತಿ ತೆಗೆದಾಗ ಮಡ್‌ಗಾರ್ಡಿಗೆ ಬಡಿಯತ್ತೆ

ಮಡ್‌ಗಾರ್ಡಿನ ಗೀರು ಬಿಡಿ, ಬಡಿಯೋ ಪ್ರತಿ ಸಲ ಬಾಗಿಲು ಮೀಟುಗೋಲಿನ ಥರ ಹಿಂಜನ್ನ ಪಿಲ್ಲರಿಂದ ಕೀಳ್ತಾ ಇರತ್ತೆ. ಲಕ್ಷಣ 6ರ ಬಿರುಕಿಗೆ ಒಂದು ದೊಡ್ಡ ಕಾರಣ ಇದೇ. ಸೀಟ್ ಬೆಲ್ಟಿನ ಹಳೇ ಪಟ್ಟಿ ಒಂದು ತುಂಡು, ಎರಡೂ ತುದಿಗೆ ಅಗಲ ವಾಷರ್ ಕೊಟ್ಟು ಬೋಲ್ಟ್ ಮಾಡಿ, ಕಬ್ಬಿಣಕ್ಕೆ ಕಬ್ಬಿಣ ತಾಗೋ ಮುಂಚೆ ಬಾಗಿಲು ನಿಲ್ಲೋ ಅಷ್ಟು ಉದ್ದ. ಚೈನ್ ಬೇಡ, ಜಗ್ಗಿ ನಿಲ್ಲಿಸತ್ತೆ. ಅಮೆರಿಕದ ಜೀಪ್ ರ‍್ಯಾಂಗ್ಲರಲ್ಲೂ ಇಂಥದೇ ಬಟ್ಟೆ ಪಟ್ಟಿ ಇರೋದು. ಅಲ್ಲಿ ರ‍್ಯಾಂಗ್ಲರ್ ಓಡಿಸೋ ನಮ್ಮೋರು ಬಾಗಿಲು ಬಿಚ್ಚೋವಾಗ ಈ ಪಟ್ಟಿ ಮತ್ತೆ ವೈರ್ ಮರೆತು ಎತ್ತಿಬಿಡ್ತಾರೆ, ಬಾಗಿಲ ಜೊತೆ ಮಿರರೂ ಹೋಗತ್ತೆ ಅನ್ನೋದನ್ನೂ ಮರೀತಾರೆ.

ಹೊಸ ಹಿಂಜೇ ಮಾಡಿಸೋದು ಅಂತಾದ್ರೆ

ಅಮೆರಿಕದ ಬಾಗಿಲು ಸುರಕ್ಷತೆ ನಿಯಮ ಎಫ್‌ಎಂವಿಎಸ್‌ಎಸ್ 206 ಇದ್ಯಲ್ಲ, ಅದರಲ್ಲಿ ಬಾಗಿಲಿಲ್ಲದೇ ಓಡಿಸೋಕೆ ಅಂತಲೇ ಮಾಡಿದ ಗಾಡಿಗಳ, ಸುಲಭವಾಗಿ ಬಿಚ್ಚಿ ಹಾಕೋ ಬಾಗಿಲಿಗೆ ವಿನಾಯಿತಿ ಇದೆ. ಅಂದ್ರೆ ಬಿಚ್ಚೋ ಬಾಗಿಲು ಅಂದ ಮಾತ್ರಕ್ಕೆ ಯಾರೋ ಎಳೆದು ಟೆಸ್ಟ್ ಮಾಡಿದ್ದಾರೆ ಅಂತ ಅಂದ್ಕೋಬೇಡಿ. ವೆಲ್ಡರಿಗೆ ನೀವೇ ಹೇಳ್ಬೇಕು.

ಎರಡು ಹಿಂಜಿನ ನಡುವೆ ಬಾಗಿಲು ಎಷ್ಟು ಬಿಡತ್ತೋ ಅಷ್ಟು ದೂರ, ಇದಕ್ಕೆ ದುಡ್ಡೇ ಖರ್ಚಿಲ್ಲ. ಪಟ್ಟಿ 5 ಮಿ.ಮೀ., ಪಿನ್ 10 ಅಥವಾ 12. ಕೂರಿಸೋವಾಗ ಎರಡೂ ಹಿಂಜಿನ ಪೈಪಿಗೆ ಒಂದೇ ಉದ್ದ ನೇರ ಸರಳು ತೂರಿಸಿ, ಅದು ಕೈಯಲ್ಲಿ ಸಲೀಸಾಗಿ ತಿರುಗ್ತಿರೋ ಹಾಗೇ ಟ್ಯಾಕ್ (ಚುಕ್ಕಿ ಚುಕ್ಕಿ ವೆಲ್ಡ್) ಹಾಕ್ಲಿ, ಆಮೇಲೆ ಒಂದು ಕಡೆ ಸ್ವಲ್ಪ ಇನ್ನೊಂದು ಕಡೆ ಸ್ವಲ್ಪ ಅಂತ ವೆಲ್ಡ್ ಎಳೀಲಿ, ಒಂದೇ ಸಲ ಎಳೆದ್ರೆ ಬಿಸಿಗೆ ತಗಡು ಎಳ್ಕೊಂಡು ಗೆರೆ ತಪ್ಪತ್ತೆ. ಬೋಲ್ಟ್ ತಲೆ ಮೇಲೆ 8.8 ಅಂತ ಇರಬೇಕು, ಅದು ಬೋಲ್ಟಿನ ಬಲದ ಗುರುತು. ಒಂದು ಪಿನ್ ಇನ್ನೊಂದಕ್ಕಿಂತ ಬೆರಳಗಲ ಉದ್ದ ಮಾಡಿಸಿ, ಉದ್ದದ್ದು ಮೊದಲು ಕೂರತ್ತೆ, ಆಮೇಲೆ ಗಿಡ್ಡದ್ದನ್ನ ಹುಡುಕಿದ್ರೆ ಆಯ್ತು, ಎರಡನ್ನೂ ಒಟ್ಟಿಗೆ ಗುರಿ ಇಡೋ ಸರ್ಕಸ್ ತಪ್ಪತ್ತೆ.

ಪಿನ್ ಬಾಗಿಲ ಕಡೆ ಇದ್ದು ಕೆಳಮುಖ ಇರಲಿ, ಪೈಪ್ ಗಾಡಿ ಕಡೆ. ಉಲ್ಟಾ ಮಾಡಿಸಿದ್ರೆ ಬಾಗಿಲು ಬಿಚ್ಚಿದ ಮೇಲೆ ಪಿಲ್ಲರಲ್ಲಿ ಎರಡು ಮೊಳೆ ಮೇಲಕ್ಕೆ ನಿಂತಿರತ್ತೆ, ಹತ್ತಿ ಇಳಿಯೋವಾಗ ಸೀರೆ, ಪಂಚೆ, ಮೊಣಕಾಲು ಎಲ್ಲ ಅದಕ್ಕೇ. ಪೈಪಿನ ತಳ ಮುಚ್ಚಿರಬಾರದು, ಮುಚ್ಚಿದ್ರೆ ನೀರು ನಿಂತು ಲಕ್ಷಣ 5 ಬರತ್ತೆ, ತಳ ತೆರೆದಿದ್ರೆ ಲಕ್ಷಣ 4ರ ತಡೆ ಹಾಕೋಕೂ ಜಾಗ ಸಿಗತ್ತೆ.

ಆರ್‌ಟಿಓ ವಿಷಯ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಕಂಪನಿ ಬಾಗಿಲು ಇರೋ ಗಾಡೀಲಿ ಹಿಂಜ್ ಕತ್ತರಿಸಿ ಬಿಚ್ಚೋ ಹಾಗೆ ಮಾಡಿಸೋ ಯೋಚನೆ ಇದ್ರೆ ವೆಲ್ಡರ್ ಹತ್ರ ಹೋಗೋ ಮುಂಚೆ ಆರ್‌ಟಿಓ ಹತ್ರ ಹೋಗಿ, ಇನ್ಶೂರೆನ್ಸ್‌ನೋರನ್ನೂ ಕೇಳಿ.

ಹೊಸದು ಹಾಕಿಸಿದ ಮೇಲೆ ವಾರ ಓಡಿಸಿ ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡಿ, ಎತ್ತಿ ನೋಡೋ ಚೆಕ್ ಮತ್ತು ಕಾಗದದ ಚೆಕ್ ಎರಡೂ ಮತ್ತೆ ಮಾಡಿ. ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಬಾಗಿಲು ಹೇಗೂ ಹಾಕ್ತೀರಲ್ಲ, ಆಗ ಪಿನ್ನಿಗೆ ಗ್ರೀಸ್, ಹೊಸ ಸ್ಪ್ಲಿಟ್ ಪಿನ್, ಹಳೇದನ್ನೇ ನೇರ ಮಾಡಿ ಹಾಕಬೇಡಿ.